ಸ್ವೀಡನ್ ಡಿಗ್ರಿ, ಬ್ಯಾಡಗಿ ಮೆಣಸಿನಕಾಯಿ ಮತ್ತ ನಮ್ಮ ಮಾವ

ಪರದೇಶಕ್ಕ ಓದಾಕ ಹೋದವರಿಗೆ ಅಲ್ಲಿನ ಚಳಿ ತ್ರಾಸು ಕೊಡತೈತಿ, ಊಟ ತ್ರಾಸು ಕೊಡತೈತಿ ಅಂತ ಮಂದಿ ಹೇಳ್ತಾರ. ನನಗ ಅವೆರಡೂ ಅಂಥಾ ತ್ರಾಸೇನು ಕೊಡಲಿಲ್ಲ. ತ್ರಾಸು ಕೊಟ್ಟಾಂವ ರಾಣೆಬೆನ್ನೂರಾಗಿನ ನಮ್ಮ ಮಾವ. ನಾ ಸ್ವೀಡನ್ನಿನಾಗ ಇರ್ಲಿ, ಹಾವೇರಿ ಬಸ್ ಸ್ಟ್ಯಾಂಡಿನಾಗ ಇರ್ಲಿ, ಅವನ ಕೈ ನನ್ನ ತನಕ ಮುಟ್ಟತೈತಿ. ಮುಟ್ಟಿದ ಮ್ಯಾಲೆ ಏನರ ಒಂದು ಆಗೇ ಆಗತೈತಿ.

ಮಾವ ಅಂದ್ರ ನಮ್ಮವ್ವನ ಅಣ್ಣ. ರಾಣೆಬೆನ್ನೂರಾಗ ಬೀಜ-ಗೊಬ್ಬರದ ಅಂಗಡಿ ಐತಿ, ಬ್ಯಾಡಗಿ ಮಾರ್ಕೆಟ್ಟಿನಾಗ ಸಣ್ಣಗ ಮೆಣಸಿನಕಾಯಿ ವ್ಯಾಪಾರನೂ ಐತಿ. ಆದ್ರ ಅವನ ಖರೇ ಉದ್ಯೋಗ ಸನ್ಮಾನ. ಒಂದೋ ಯಾರಿಗಾದ್ರೂ ಸನ್ಮಾನ ಮಾಡಬೇಕು, ಇಲ್ಲಾ ಯಾರಿಂದಾದ್ರೂ ಮಾಡಿಸ್ಕೋಬೇಕು. ಅವರ ಮನ್ಯಾಗಿನ ಕಪಾಟು ತಗದ್ರ ಶಾಲು ಮೈಮ್ಯಾಲೆ ಬೀಳ್ತಾವು. ನಮ್ಮತ್ತಿ ಸುಮ್ಮನ ಯಾಕ ಹಾಳಾಗಬೇಕು ಅಂತ ಅವನ್ನ ಮಿಕ್ಸರಿಗೆ, ಟೀವಿಗೆ, ಗ್ಯಾಸ್ ಸಿಲಿಂಡರಿಗೆ ಹೊಚ್ಚ್ಯಾಳ. ಆ ಮನ್ಯಾಗ ಸನ್ಮಾನ ಆಗದ ವಸ್ತು ಒಂದೂ ಉಳಿದಿಲ್ಲ.

ನಾ ಹಾವೇರಿಯಾಕಿ. ಫುಡ್ ಟೆಕ್ನಾಲಜಿ ಓದಿದೆ, ಸ್ವೀಡನ್ನಿನ ಒಂದು ಯುನಿವರ್ಸಿಟಿಯಾಗ ಎಂ.ಎಸ್ಸಿ.ಗೆ ಸೀಟು ಸಿಕ್ತು. ಅಲ್ಲಿಂದ ಶುರು ಆತು ನೋಡ್ರಿ.

ಹೋಗೂಕಿಂತ ಮೊದಲ ಬೀಳ್ಕೊಟ್ಟಿದ್ದು

ಸೀಟು ಸಿಕ್ಕ ಸುದ್ದಿ ಅವ್ವ ಫೋನಿನಾಗ ಹೇಳಿ ಮುಗಿಸೂದರಾಗ ಮಾವ ಪೆಂಡಾಲಿನವಗ ಹೇಳಿ ಬಿಟ್ಟಿದ್ದ.

"ಮಾವಾ, ವೀಸಾ ಇನ್ನೂ ಬಂದಿಲ್ಲ" ಅಂದೆ.

"ವೀಸಾ ಬರೂದು ಬರತೈತಿ. ಪೆಂಡಾಲು ಈ ಐತವಾರ ಬಿಟ್ರ ಮುಂದ ಸಿಗೂದಿಲ್ಲ, ಮದುವಿ ಸೀಜನ್ ಐತಿ" ಅಂದ.

ನಮ್ಮ ಓಣ್ಯಾಗ ಪೆಂಡಾಲು ಬಿತ್ತು. ಬ್ಯಾನರಿನಾಗ ಮಾವನ ಫೋಟೋ ಆಳೆತ್ತರ ಇತ್ತು, ನನ್ನದು ಮೂಲ್ಯಾಗ, ಪೋಸ್ಟಿನ ಸ್ಟಾಂಪಿನಷ್ಟು. ನೋಡಿದವರು ಮಾವನೇ ಸ್ವೀಡನ್ನಿಗೆ ಹೊಂಟಾನ ಅಂತ ತಿಳಕೋಬೇಕು. ಕೆಲವರು ತಿಳಕೊಂಡು ಅವಗ ಕೈ ಕೊಟ್ಟು ಹೋದ್ರು, ಮಾವ ಬ್ಯಾಡ ಅನ್ನಲಿಲ್ಲ. ಭಾಷಣದಾಗ "ನಮ್ಮ ಮನಿ ಮಗಳು ನಮ್ಮನ್ನೆಲ್ಲಾ ಅಗಲಿ ಹೊಂಟಾಳ" ಅಂತ ಕಣ್ಣೀರು ಹಾಕಿದ. ಮೈಕಿನ ಹತ್ರ ಬಗ್ಗಿ ಹಾಕಿದ, ಎಲ್ಲಾರಿಗೂ ಕೇಳಲಿ ಅಂತ. ಹೆಂಗಸರೆಲ್ಲಾ ಉಡಿ ತುಂಬಿ, ಕೈ ಹಿಡಕೊಂಡು, "ಹೋಗಿ ಬಾರವಾ" ಅಂದ್ರು.

ವೀಸಾ ಬರಲಿಲ್ಲ. ಒಂದು ವಾರ ಹೋತು, ಎರಡು ವಾರ ಹೋತು. ಮಾವ ಫೋನ್ ಮಾಡಿ, "ನೀ ಹೊರಗ ಮಾರಿ ತೋರಿಸಬ್ಯಾಡ, ನನ್ನ ಮರ್ಯಾದಿ ಪ್ರಶ್ನೆ ಐತಿ" ಅಂದ. ತಪ್ಪು ಯಾರದು, ಮನಿಯಾಗ ಅಡಗಿ ಕುಂತಾಕಿ ಯಾರು. ಕಾಯಿಪಲ್ಲೆ ತರಾಕ ಹೋಗೂದಿದ್ರ ತಲಿ ತುಂಬ ಓಡ್ನಿ ಸುತ್ತಗೊಂಡು ಕಳ್ಳರ ಗತೆ ಹೋಗ್ತಿದ್ದೆ. ಆದ್ರೂ ಕಾಯಿಪಲ್ಲೆ ಮಾರಾಕಿ ಗುರ್ತು ಹಿಡದ್ಲು. "ಅಯ್ಯ, ಅಲ್ಲಿ ಬದನಿಕಾಯಿ ಸಿಗೂದಿಲ್ಲೇನವಾ?" ಅಂತ ಕೇಳಿದ್ಲು.

ಅಂತೂ ವೀಸಾ ಬಂತು. ರೈಲ್ವೆ ಸ್ಟೇಷನ್ನಿಗೆ ಹೋಗಾಕ ಆಟೋದಾಗ ಪೆಟಿಗಿ ಏರಿಸಾಕತ್ತಿದ್ದೆ. ಓಣಿಯಾಗಿನ ಒಬ್ರೂ ಕಳಸಾಕ ಬರಲಿಲ್ಲ. ಬಾಜೂ ಮನಿ ದೊಡ್ಡಮ್ಮ ಕಟ್ಟಿ ಮ್ಯಾಲೆ ಅಕ್ಕಿ ಆರಿಸ್ಕೋತ ಕುಂತಿದ್ಲು. ತಲಿ ಎತ್ತಿ ನೋಡಿ, "ಮತ್ತ ಹೊಂಟೇನು? ರಜಾ ಮುಗೀತೇನವಾ?" ಅಂದ್ಲು.

ಟವೆಲ್

ಅಲ್ಲಿ ನಾ ಇದ್ದ ಹಾಸ್ಟೆಲಿನಾಗ ಬಟ್ಟಿ ಒಗ್ಯಾಕ ನೆಲಮಾಳಿಗ್ಯಾಗ ಒಂದ ಖೋಲಿ, ಅದರಾಗ ಮಿಷನ್ನು. ಯಾರು ಯಾವಾಗ ಒಗಕೋಬೇಕು ಅಂತ ಮೊದಲ ಪಾಳಿ ಹಚ್ಚಬೇಕು. ಆ ಮಂದಿ ಬಾಕಿ ಎಲ್ಲಾದ್ರಾಗೂ ಭಾಳ ಸಾಧು. ಒಬ್ಬರಿಗೊಬ್ಬರು ಜೋರಾಗಿ ಮಾತಾಡೂದಿಲ್ಲ. ಆದ್ರ ಈ ಪಾಳಿ ವಿಷಯ ಬಂತಂದ್ರ ಹೊಲದ ಬದು ಒತ್ತಿದವರನ್ನ ನೋಡಿದಂಗ ನೋಡ್ತಾರ. ಛಲೋ ವ್ಯಾಳ್ಯಾ ಎಲ್ಲಾ ಮೊದಲ ತುಂಬಿರ್ತಿತ್ತು. ನನಗ ಪಾಳಿ ಸಿಗವಲ್ದು, ಬಟ್ಟಿ ಮೂಲ್ಯಾಗ ಗುಡ್ಡ ಬಿದ್ದಾವು.

ಮಾವಗ ಹೇಳಬಾರದಿತ್ತು. ಹೇಳಿದೆ.

"ಟವೆಲ್ ಹಾಕು" ಅಂದ. "ಹಾವೇರಿ ಬಸ್ ಸ್ಟ್ಯಾಂಡಿನಾಗ ನಾವು ಸೀಟು ಹ್ಯಾಂಗ ಹಿಡೀತೀವಿ? ಕಿಟಕ್ಯಾಗಿಂದ ಟವೆಲ್ ಹಾಕ್ತೀವಿ. ಆ ಮ್ಯಾಲೆ ಅದರಾಗ ಯಾರು ಕುಂದ್ರುತಾರ ನೋಡೂಣು. ನೀ ಮಿಷನ್ನಿನಾಗ ಟವೆಲ್ ಹಾಕಿ ಕ್ಲಾಸಿಗೆ ಹೋಗು. ಸ್ವೀಡನ್ ಆದ್ರೇನು, ಮನಷಾರ ಅಲ್ಲೇನು?"

ನನಗೂ ಬುದ್ಧಿ ಎಲ್ಲಿ ಹೋಗಿತ್ತೋ, ಹಾಕಿ ಹೋದೆ. ಮಾವನ ಅಂಗಡಿಯವರು ಗಿರಾಕಿಗಳಿಗೆ ಪುಕ್ಕಟ ಕೊಡೂ ಟವೆಲ್ಲು ಅದು, ಮ್ಯಾಲೆ ಕನ್ನಡದಾಗ ಅಂಗಡಿ ಹೆಸರು. ಸಂಜಿಕೆ ಬಂದು ನೋಡಿದ್ರ ಮಿಷನ್ನಿನಾಗ ಯಾರದೋ ಬಟ್ಟಿ ತಿರುಗಾಕತ್ತಾವು, ನನ್ನ ಟವೆಲ್ ಮಾಯ. ಕದ್ದರು ಅಂದ್ಕೊಂಡೆ.

ಮರುದಿನ ನನ್ನ ಖೋಲಿ ಬಾಗಲದ ಹಿಡಿಕಿಗೆ ಟವೆಲ್ ನೇತಾಡಾಕತ್ತಿತ್ತು. ಒಗದು, ಒಣಗಿಸಿ, ಅಂಚಿಗೆ ಅಂಚು ಕೂಡಿಸಿ ಮಡಚಿದ್ರು. ಆ ಕಟ್ಟಡದಾಗ ಕನ್ನಡ ಅಕ್ಷರಕ್ಕ ವಾರಸುದಾರಳು ನಾ ಒಬ್ಬಾಕಿನ ಅಲ್ಲ? ಎದುರು ಖೋಲಿ ಸ್ವೀಡನ್ ಹುಡುಗಿ ಬಂದು, "ನೀ ಮರತು ಹೋಗಿದ್ದಿ, ಪಾಪ. ನನ್ನ ಬಟ್ಟಿ ಜೋಡಿ ಒಗದೆ" ಅಂದ್ಲು. ನನಗ ನಾಚಿಕಿ ಬಂದು ನೆಲ ನೋಡ್ಕೋತ ನಿಂತೆ.

ಇದನ್ನ ಹೇಳಿದ್ರ ಮಾವಗ ಬುದ್ಧಿ ಬರತೈತಿ ಅಂದ್ಕೊಂಡು ಫೋನ್ ಮಾಡಿದೆ. ಮಾವ ಎಲ್ಲಾ ಕೇಳಿಸ್ಕೊಂಡು, "ನೋಡಿದೇನು? ಟವೆಲ್ ಹಾಕಿದ್ದಕ್ಕ ಕೆಲಸ ಆತೋ ಇಲ್ಲೋ? ಇನ್ನ ಮುಂದ ಎಲ್ಲಾ ಬಟ್ಟಿ ಹಂಗ ಬಿಟ್ಟು ಬಾ" ಅಂದ.

ಸೈಕಲ್ ಮ್ಯಾಲೆ ಬಂದಾಂವ

ನಮ್ಮ ಪ್ರೊಫೆಸರ್ ದೊಡ್ಡ ಮನಷಾ. ಜಗತ್ತಿನ ಯಾವ ಮೂಲ್ಯಾಗ ಕಾಳುಕಡಿ, ಹಣ್ಣು, ಮಸಾಲಿ ಕೆಡದಂಗ ಇಡೂ ಪ್ರಶ್ನೆ ಬಂದ್ರೂ ಅವರನ್ನ ಕರೀತಾರ. ಆದ್ರ ಮಳಿ ಇರ್ಲಿ, ಹಿಮ ಇರ್ಲಿ, ಬರೂದು ಸೈಕಲ್ ಮ್ಯಾಲೆ. ಸ್ವೆಟರಿನ ಮೊಣಕೈ ಹರದಿರತೈತಿ. ಕಾಫಿ ತಾವ ಹಾಕ್ಕೊಂಡು, ಕಪ್ಪು ತಾವ ತೊಳದಿಡ್ತಾರ.

ಒಂದಿನ ಡಿಪಾರ್ಟ್‌ಮೆಂಟಿನ ಕಾಫಿ ಖೋಲ್ಯಾಗ ಕುಂತು ಅವ್ವನ ಜೋಡಿ ವಿಡಿಯೋ ಕಾಲಿನಾಗ ಮಾತಾಡಾಕತ್ತಿದ್ದೆ. ಅವತ್ತು ಮಾವನೂ ನಮ್ಮ ಮನಿಗೆ ಬಂದಿದ್ದ. ಅಷ್ಟರಾಗ ಪ್ರೊಫೆಸರ್ ತೊಯ್ಸಿಕೊಂಡು ಒಳಗ ಬಂದ್ರು. ಫೋನಿನಾಗಿನವರಿಗೆ ಕೈ ಬೀಸಿ, ಟೇಬಲ್ ಮ್ಯಾಲೆ ಯಾರೋ ಚೆಲ್ಲಿದ್ದ ಕಾಫಿ ಅರಿವೆ ತಗೊಂಡು ಒರಿಸಿ ಹೋದ್ರು.

"ಯಾರಂವ?" ಅಂದ ಮಾವ.

"ನಮ್ಮ ಪ್ರೊಫೆಸರ್."

"ಟೇಬಲ್ ಒರಿಸಿದ್ನಲ್ಲ?"

"ಇಲ್ಲಿ ಎಲ್ಲಾರೂ ತಮ್ಮ ಕೆಲಸ ತಾವ ಮಾಡ್ಕೋತಾರ ಮಾವಾ."

"ನೀ ಏನಂತ ಕರೀತಿ ಅವನ್ನ? ಸರ್ ಅಂತಿಯೋ ಇಲ್ಲೋ?"

"ಹೆಸರು ಹಿಡದ ಕರೀತೀವಿ. ಸರ್ ಅಂದ್ರ ಅವರಿಗೆ ಸೇರೂದಿಲ್ಲ."

ಮಾವ ಅವ್ವನ ಕೈಯಾಗಿಂದ ಫೋನ್ ಇಸ್ಕೊಂಡು ಹಿತ್ತಲಕ್ಕ ಹೋದ. ದನಿ ಸಣ್ಣದು ಮಾಡಿ, "ನೋಡವಾ, ನೀ ಸಣ್ಣಾಕಿ, ನಿನಗ ತಿಳಿಯಂಗಿಲ್ಲ. ಸರ್ ಅನಿಸ್ಕೊಳ್ಳಾಕ ಒಲ್ಲೆ ಅನ್ನಾಂವ ಸರ್ ಹ್ಯಾಂಗಾದಾನು? ಇಂವ ಪ್ಯೂನ್. ನಿನ್ನ ಮಂಗ್ಯಾ ಮಾಡಾಕತ್ತಾರ. ಖರೇ ಪ್ರೊಫೆಸರ್ ಎಲ್ಲೋ ಕಾರಿನಾಗ ಅಡ್ಡಾಡಾಕತ್ತಿರ್ತಾನ, ಅವನ್ನ ಹುಡುಕಿ ಹಿಡಿ" ಅಂದ.

ನಾ ಎಷ್ಟು ಹೇಳಿದ್ರೂ ಅವನ ತಲಿಯಾಗ ಇಳೀಲಿಲ್ಲ. ಜೀವನದಾಗ ಇಂವ ನೋಡಿದ ದೊಡ್ಡ ಮನಷಾರೆಲ್ಲಾ ಬಾಗಲು ತಗ್ಯಾಕ ಒಬ್ಬ, ಚಪ್ಪಲಿ ಹಿಡ್ಯಾಕ ಒಬ್ಬ ಇದ್ದಾವ್ರು. ಮುಂದ ಯಾವಾಗ ಫೋನ್ ಮಾಡಿದ್ರೂ, "ಆ ಪ್ಯೂನ್ ಆರಾಮ ಅದಾನೇನು?" ಅಂತ ಕೇಳ್ತಿದ್ದ. ದೀಪಾವಳಿ ಬಂದಾಗ, "ಅವಗ ಏನರ ಸ್ವಲ್ಪ ಕೊಡವಾ, ನಿನ್ನ ಫೈಲ್ ಲಗೂ ಸರಸ್ತಾನ" ಅಂದ.

ಮೂರು ಚೀಲ

ಎರಡನೇ ವರ್ಷ ಥೀಸಿಸ್ ಬರೀಬೇಕಿತ್ತು. ನಾ ಬ್ಯಾಡಗಿ ಮೆಣಸಿನಕಾಯಿ ತಗೊಂಡೆ. ಅದು ಖಾರಕ್ಕ ಹೆಸರಾದದ್ದಲ್ಲ, ಬಣ್ಣಕ್ಕ. ಅದರ ಕಿಮ್ಮತ್ತೆಲ್ಲಾ ಆ ಕೆಂಪಿನಾಗ ಐತಿ. ವ್ಯಾಪಾರಸ್ಥರು ಧಾರಣಿ ಬರ್ಲಿ ಅಂತ ಕೋಲ್ಡ್ ಸ್ಟೋರೇಜಿನಾಗ ಇಡ್ತಾರಲ್ಲ, ಅಲ್ಲಿ ವರ್ಷಕ್ಕ ಎಷ್ಟು ಬಣ್ಣ ಇಳೀತೈತಿ ಅನ್ನೂದು ನನ್ನ ವಿಷಯ. ಈ ವರ್ಷದ್ದು, ಒಂದು ವರ್ಷ ಇಟ್ಟಿದ್ದು, ಎರಡು ವರ್ಷ ಇಟ್ಟಿದ್ದು, ಮೂರು ನಮೂನಿ ಮಾಲು ಬೇಕು. ಬ್ಯಾಡಗಿಯಾಗ ನನಗ ಗೊತ್ತಿದ್ದಾಂವ ಮಾವ ಒಬ್ಬನ.

ಮಾವ ತಡಾ ಮಾಡಲಿಲ್ಲ. ಮೂರು ಚೀಲ, ಒಂದೊಂದರ ಮ್ಯಾಲೆ ವರ್ಷ ಬರದು, ಕೊರಿಯರ್ ಮಾಡಿಸಿದ. ಜೀವನದಾಗ ಮೊದಲನೇ ಸಲ ಇಂವ ಒಂದು ಕೆಲಸ ನೆಟ್ಟಗ ಮಾಡ್ಯಾನ ಅಂತ ಖುಷಿಯಾದೆ. ಒಂದೂವರಿ ತಿಂಗಳು ಲ್ಯಾಬಿನಾಗ ಕುಂತು ಬಣ್ಣ ಅಳದೆ.

ಎರಡು ವರ್ಷ ಇಟ್ಟ ಮೆಣಸಿನಕಾಯಿ ಈ ವರ್ಷದ್ದಕ್ಕಿಂತ ಕೆಂಪಗ ಬಂತು.

ಪ್ರೊಫೆಸರ್ ಚಷ್ಮಾ ತಗದು ನೋಡಿದ್ರು, ಹಾಕ್ಕೊಂಡು ನೋಡಿದ್ರು. "ನಿಮ್ಮೂರಾಗ ಮೆಣಸಿನಕಾಯಿಗೆ ವಯಸ್ಸಾಗೂದಿಲ್ಲೇನು?" ಅಂತ ಕೇಳಿದ್ರು. ಚ್ಯಾಷ್ಟಿಗೆ ಅಲ್ಲ, ಖರೇನ ಕೇಳಿದ್ರು. ಹೊರಗ ಬಂದು ಮಾವಗ ಫೋನ್ ಹಚ್ಚಿದೆ.

"ಮಾವಾ, ಎರಡು ವರ್ಷದ ಮಾಲು ಯಾವ ಕೋಲ್ಡ್ ಸ್ಟೋರೇಜಿಂದ ತಂದಿ?"

"ಯಾವ ಎರಡು ವರ್ಷದ್ದು?"

"ಚೀಲದ ಮ್ಯಾಲೆ ಬರದೀಯಲ್ಲ?"

"ಬರಿ ಅಂದಿ, ಬರದೆ. ಹೊರದೇಶದವರ ಮುಂದ ಬಣ್ಣಗೆಟ್ಟ ಮಾಲು ಇಡಾಕ ನನಗೇನು ಮರ್ಯಾದಿ ಇಲ್ಲೇನು? ಮೂರೂ ಚೀಲಕ್ಕ ಹೊಸಾ ಮಾಲು, ನಾನ ಮುಂದ ನಿಂತು ಆರಿಸಿ ತುಂಬಸೀನಿ. ಎರಡು ವರ್ಷ ಅಂತ ಬರದ ಚೀಲಕ್ಕಂತೂ ಎಲ್ಲಾದ್ರಕ್ಕಿಂತ ಛಲೋದ್ದು ಹಾಕೀನಿ. ಹಳೇದಂತ ಅವರು ಅಸಡ್ಡಿ ಮಾಡಬಾರದು ನೋಡು."

ಪ್ರೊಫೆಸರಿಗೆ ಇದ್ದದ್ದು ಇದ್ದಂಗ ಹೇಳಿದೆ. ಅವರು ಬೈಯಲಿಲ್ಲ, ಆ ದೇಶದಾಗ ಬೈಯೂದ ಇಲ್ಲ. ಮೆತ್ತಗ ಹೇಳಿದ್ರು, "ಖರೇ ಮಾಲು ಇಲ್ಲದ ಥೀಸಿಸ್ ಇಲ್ಲ." ಥೀಸಿಸ್ ಇಲ್ಲಂದ್ರ ಡಿಗ್ರಿ ಇಲ್ಲ. ಬ್ಯಾಸಗಿಗೆ ನನ್ನ ವೀಸಾ ಮುಗೀತಿತ್ತು. ಎರಡು ವರ್ಷ ಓದಿ ಬರಿಗೈಲೆ ಹಾವೇರಿಗೆ ಬಂದು, ಮತ್ತ ಓಡ್ನಿ ಸುತ್ತಗೊಂಡು ಬದನಿಕಾಯಿ ತರಾಕ ಹೋಗಬೇಕು. ಮತ್ತ ಮಾವಗ ಫೋನ್ ಹಚ್ಚಿ, ಸಿಟ್ಟು ತಡೀಲಾರದ ಅತ್ತ ಬಿಟ್ಟೆ.

ಮಾವಗೂ ಕರುಳು ಚುರಕ್ ಅಂದಿರಬೇಕು. "ಅಳಬ್ಯಾಡವಾ" ಅಂದ. "ಜೂನ್‌ದಾಗ ನಿನ್ನ ಡಿಗ್ರಿ ಸನ್ಮಾನಕ್ಕ ಹಾಲ್ ಬುಕ್ ಮಾಡೀನಿ. ನೀ ಫೇಲಾದ್ರ ಆ ದಿನ ಬ್ಯಾರೆ ಯಾರಿಗಾದ್ರೂ ಮಾಡೂಣಂತ."

ಹಾರ

ಫೆಬ್ರುವರಿದಾಗ ಪ್ರೊಫೆಸರ್ ಯಾವುದೋ ಸಭಾಕ್ಕ ಬೆಂಗಳೂರಿಗೆ ಬರೂದಿತ್ತು. "ಅಲ್ಲಿಂದ ನಿಮ್ಮೂರಿಗೂ ಬರ್ತೀನಿ, ನನ್ನ ಕೈಯಾರೆ ಮಾಲು ತಗೋತೀನಿ, ಸಿಕ್ರ ನೀ ಉಳದಿ" ಅಂದ್ರು. ನಾ ಅವರಕಿಂತ ಮುಂಚೆ ಊರಿಗೆ ಬಂದು ಮಾವಗ ಹೇಳಿದೆ.

"ಪ್ಯೂನ್ ಯಾಕ ಬರ್ತಾನ?" ಅಂದ.

"ಮಾವಾ, ನನ್ನ ಪಾಸು ಮಾಡಾವ್ರು ಅವರೇ."

ಮಾವ ಎದ್ದು ನಿಂತ. "ಹಂಗಾರ ಹಾವೇರಿ ಏಲಕ್ಕಿ ಹಾರ ಹೇಳಬೇಕು" ಅಂದ.

"ಮಾರ್ಕ್ಸ್ ಹಾಕವರಿಗೆ ಏನರ ಕೊಟ್ರ ಅಲ್ಲಿ ಲಂಚ ಅಂತಾರ" ಅಂದೆ.

"ಇದು ಲಂಚ ಅಲ್ಲ, ಸಂಸ್ಕೃತಿ" ಅಂದ. ಅಲ್ಲಿಗೆ ಮಾತು ಮುಗೀತು.

ಬ್ಯಾಡಗಿ ಮಾರ್ಕೆಟ್ಟಿನಾಗ ಒಂದು ಅಂಗಡಿ ಮುಂದ ವೇದಿಕಿ ಹಾಕಿಸಿದ್ದ. ಸುತ್ತೂ ಮೆಣಸಿನಕಾಯಿ ರಾಶಿ. ಪ್ರೊಫೆಸರ್ ಸೀನಿಕೋತ ವೇದಿಕಿ ಏರಿದ್ರು. ಪೇಟಾ ಸುತ್ತಿದ್ರು, ಶಾಲು ಹೊಚ್ಚಿದ್ರು, ಕೊರಳಿಗೆ ಹಾರ ಹಾಕಿದ್ರು. ಹಾವೇರಿ ಏಲಕ್ಕಿ ಹಾರ ಅಂದ್ರ ಸುಮ್ಮನ ಅಲ್ಲ. ತೋಳಿನಷ್ಟು ದಪ್ಪ, ಜರಿ, ಮಣಿ, ನಡುವ ಒತ್ತಾಗಿ ಏಲಕ್ಕಿ.

ಪ್ರೊಫೆಸರ್ ಮೂಸಿ ನೋಡಿದ್ರು. ಅವರ ಮಾರಿ ಬದಲಾತು. ಸ್ವೀಡನ್ನಿನವರಿಗೆ ಏಲಕ್ಕಿ ಅಂದ್ರ ಜೀವ. ಬನ್ನಿನಾಗ ಹಾಕ್ತಾರ, ಕೇಕಿನಾಗ ಹಾಕ್ತಾರ, ಅಂಗಡ್ಯಾಗ ಸಣ್ಣ ಬಾಟಲ್ಯಾಗ ಚೂರು ಚೂರು ಮಾರ್ತಾರ. "ಇವೆಲ್ಲಾ ಖರೇ ಏಲಕ್ಕಿಯೇನು?" ಅಂತ ನನ್ನ ಕಿವಿಯಾಗ ಕೇಳಿದ್ರು. ಹೂಂ ಅಂದೆ.

ಮಾವ ಭಾಷಣ ಶುರು ಮಾಡಿದ. ಪ್ರೊಫೆಸರ್ ಒಂದು ಏಲಕ್ಕಿ ಕಿತ್ತು, ಸುಲಿದು ಬಾಯಾಗ ಹಾಕ್ಕೊಂಡ್ರು. ಆಮ್ಯಾಲೆ ಇನ್ನೊಂದು. ಮಾವ ತನ್ನ ಬಾಲ್ಯದ ಕಷ್ಟಕ್ಕ ಬರೂದರಾಗ ಹಾರದ ಒಂದು ಕಡಿ ಬರೇ ದಾರ, ಮಣಿ ಉಳದಿದ್ವು. ಮುಂದ ಕುಂತ ಒಬ್ಬ ಹಿರ್ಯಾರು, "ಹಸ್ತಾರ ಪಾಪ, ನಾಷ್ಟಾ ಕೊಟ್ಟಿಲ್ಲೇನ್ರಿ?" ಅಂದ್ರು.

ಆಮ್ಯಾಲೆ ಪ್ರೊಫೆಸರ್ ಮಾತಾಡಿದ್ರು, ನಾ ಕನ್ನಡದಾಗ ಹೇಳಿದೆ. "ನನಗ ನಿಮ್ಮಲ್ಲಿರೂ ಭಾಳ ಕೆಟ್ಟ ಮೆಣಸಿನಕಾಯಿ ಬೇಕು. ಹಳೇವು, ಬಣ್ಣ ಹೋಗಿದ್ವು."

ಒಬ್ಬ ವ್ಯಾಪಾರಸ್ಥ, "ಅಂಥಾವು ನಮ್ಮಲ್ಲಿ ಇಲ್ರಿ" ಅಂದ. ಇನ್ನೊಬ್ಬ, "ನಮ್ಮಲ್ಲೂ ಇಲ್ಲ" ಅಂದ. ಎಲ್ಲಾರೂ ಇಲ್ಲ ಅಂದ್ರು. ಮಾವ ಮೈಕಿನಾಗ, "ಬ್ಯಾಡಗಿಯಾಗ ಕೆಟ್ಟ ಮೆಣಸಿನಕಾಯಿ ಹುಟ್ಟಂಗ ಇಲ್ಲ" ಅಂದ. ಚಪ್ಪಾಳಿ ಬಿತ್ತು. ನನ್ನ ಡಿಗ್ರಿ ಅಲ್ಲೇ, ಆ ಚಪ್ಪಾಳ್ಯಾಗ, ಮುಳುಗಾಕತ್ತಿತ್ತು. ಪ್ರೊಫೆಸರ್ ನನ್ನ ಮಾರಿ ನೋಡಿದ್ರು.

ಆಗ ನೆನಪಾತು, ನಮ್ಮ ಕಡೆ ಮಂದಿ ಗುಣ ನಾ ಹುಟ್ಟಿದಾಗಿಂದ ನೋಡೀನಿ. ಮಾವನ ಕೈಯಾಗಿಂದ ಮೈಕ್ ಕಸ್ಕೊಂಡೆ.

"ನಿಮ್ಮ ಹತ್ರ ಇಲ್ಲ, ಒಪ್ಪಿದೆ" ಅಂದೆ. "ಬಾಜೂ ಅಂಗಡಿಯವರ ಹತ್ರ ಅದಾವೇನ್ರಿ?"

ತಗೋರಿ, ಕಟ್ಟಿ ಒಡದಂಗಾತು. "ಇವರಲ್ಲಿ ಹ್ವಾದ ವರ್ಷದ್ದು ಐತ್ರಿ, ಪೂರಾ ಮಾಸೈತಿ" ಅಂತ ಒಬ್ಬ. "ನಂದೇನು ಹೇಳ್ತಿ, ನಿಂದು ತಗದು ತೋರಿಸು" ಅಂತ ಮತ್ತೊಬ್ಬ. ಹಮಾಲರು ಓಡ್ಯಾಡಿ ಚೀಲ ತಂದು ತಂದು ಒಗದ್ರು. ಪ್ರೊಫೆಸರ್ ಪೇಟಾ ಸಮೇತ ನೆಲಕ್ಕ ಕುಂತು ಹಿಡಿ ಹಿಡಿ ತುಂಬ್ಕೋತ ಹೋದ್ರು. ಒಂದು ವರ್ಷದ್ದು ಬೇಕಾದಷ್ಟು ಸಿಕ್ತು. ಎರಡು ವರ್ಷದ್ದು ಮಾತ್ರ ಬರವಲ್ದು.

ಅಷ್ಟೊತ್ತು ಸುಮ್ಮನ ಕುಂತಿದ್ದ ಒಬ್ಬ ಮುದುಕ ವ್ಯಾಪಾರಸ್ಥ ಎದ್ದ. "ಖರೇ ಕೆಟ್ಟದ್ದು ಬೇಕಂದ್ರ ಒಂದು ಐತವಾ. ಧಾರಣಿ ಏರ್ಲಿ ಅಂತ ಎರಡು ವರ್ಷದಿಂದ ಕೋಲ್ಡ್ ಸ್ಟೋರೇಜಿನಾಗ ಬಿದ್ದೈತಿ. ಪುಕ್ಕಟ ಕೊಟ್ರೂ ಯಾರೂ ಮುಟ್ಟವಲ್ರು" ಅಂದ. ಹಮಾಲರು ನಕ್ಕೋತ ಹೋಗಿ ಒಂದು ಚೀಲ ಹೊತ್ಕೊಂಡು ಬಂದ್ರು. ಬಾಯಿ ಬಿಚ್ಚಿದ್ರ ಒಳಗ ಬೀಡಿ ಎಲಿ ಬಣ್ಣ.

"ಯಾರದ್ರಿ ಇದು?" ಅಂದೆ.

ಎಲ್ಲಾರೂ ವೇದಿಕಿ ಕಡೆ ನೋಡಿದ್ರು. ವೇದಿಕಿ ಮ್ಯಾಲೆ ಮಾವ, ನೆಟ್ಟಗ ಇದ್ದ ಕುರ್ಚಿನ್ನ ಮತ್ತ ಮತ್ತ ನೆಟ್ಟಗ ಮಾಡಾಕತ್ತಿದ್ದ. ಮೂರೂ ಚೀಲಕ್ಕ ಹೊಸಾ ಮಾಲು ಯಾಕ ತುಂಬಿದ್ದ, ಯಾರ ಮರ್ಯಾದಿ ಪ್ರಶ್ನೆ ಇತ್ತು, ಆಗ ತಿಳೀತು.

ಪ್ರೊಫೆಸರಿಗೆ ಇದೆಲ್ಲಾ ಏನು ಗೊತ್ತು? ಒಂದು ಹಿಡಿ ತಗೊಂಡು ಬಿಸಲಿಗೆ ಹಿಡದು ನೋಡಿದ್ರು, ಕಣ್ಣು ಹೊಳದ್ವು. "ಇಷ್ಟು ಬಣ್ಣಗೆಟ್ಟ ಮೆಣಸಿನಕಾಯಿ ನಾ ಜಗತ್ತಿನಾಗ ಎಲ್ಲೂ ನೋಡಿಲ್ಲ. ಇದಿಲ್ಲದಿದ್ರ ಈ ಹುಡುಗಿ ಥೀಸಿಸ್ ಆಗ್ತಿದ್ದಿಲ್ಲ. ಇದರ ಮಾಲೀಕರಿಗೆ ನಾ ಋಣಿ" ಅಂದ್ರು. ನಾ ಒಂದಕ್ಷರ ಬಿಡದಂಗ ಮೈಕಿನಾಗ ಹೇಳಿದೆ. ಅಷ್ಟಕ್ಕ ಬಿಡಲಿಲ್ಲ ಅವರು, ಮಾಲೀಕರು ಯಾರು ಅಂತ ಕೇಳಿದ್ರು, ನಾ ಮಾವನ ಕಡೆ ಬಟ್ಟು ತೋರಿಸಿದೆ. ಈ ಊರಾಗ ಖುಷಿಯಾದ್ರ ಏನು ಮಾಡ್ತಾರ ಅನ್ನೂದು ಈಗಷ್ಟ ಕಲತಿದ್ರಲ್ಲ, ವೇದಿಕಿ ಏರಿ ತಮ್ಮ ಪೇಟಾ ತಗದು ಮಾವನ ತಲಿಗಿಟ್ರು, ಶಾಲು ಹೊಚ್ಚಿದ್ರು, ತಿಂದು ಉಳದ ಹಾರ ಅವನ ಕೊರಳಿಗೆ ಹಾಕಿದ್ರು. ಹಮಾಲರು ಸೀಟಿ ಹೊಡದ್ರು. ಮಾವ ಮೊದಲ ಬೆವತ. ಆಮ್ಯಾಲೆ ಫೋಟೋದವನ್ನ ನೋಡಿ, ರೂಢಿ ಬಿಡಬೇಕಲ್ಲ, ನಕ್ಕ.

ಜೂನ್‌ದಾಗ ನಾ ಪಾಸಾದೆ. ಆ ಫೋಟೋ ಈಗ ಮಾವನ ಅಂಗಡ್ಯಾಗ ಗಣಪತಿ ಫೋಟೋದ ಬಾಜೂಕ ಐತಿ. ಅರ್ಧಾ ಹಾರ ಬರೇ ದಾರ ಯಾಕೈತಿ ಅಂತ ಗಿರಾಕಿಗಳು ಕೇಳಿದ್ರ, "ಸ್ವೀಡನ್ನಿನಾಗ ಹಂಗ ಹಾಕ್ತಾರ" ಅಂತಾನ. ಫೋಟೋದ ಕೆಳಗ ದೊಡ್ಡ ಅಕ್ಷರದಾಗ ಬರಿಸ್ಯಾನ: 'ಮೆಣಸಿನಕಾಯಿ ಕ್ಷೇತ್ರದ ಸಾಧನೆಗಾಗಿ ವಿದೇಶಿ ವಿಜ್ಞಾನಿಯಿಂದ ಸನ್ಮಾನ.' ಏನು ಸಾಧನಿ ಅಂತ ಮಾತ್ರ ಬರಿಸಿಲ್ಲ. ಅದನ್ನ ನಾ ಥೀಸಿಸಿನಾಗ ಬರದೀನಿ.